ಮೇಲಕ್ಕೆ ಲೆಕ್ಕ, ಕೆಳಕ್ಕೆ ಮೌನ

ಸರಕಾರಿ ದವಾಖಾನೆಯಲ್ಲಿ ವೈದ್ಯರಿಲ್ಲ, ಔಷಧವಿಲ್ಲ ಎಂಬ ಎರಡು ದೂರುಗಳು ನಮ್ಮ ಜನತೆಗೆ ಹೊಸವಲ್ಲ. ಅವನ್ನು ಕೇಳಿ ಕೇಳಿ ಆಡಳಿತಗಾರರ ಕಿವಿ ಕಲ್ಲಾಗಿದೆ. ಹೇಳಿ ಹೇಳಿ ಜನರ ಬಾಯಿ ಬತ್ತಿದೆ. ಇಂದು ನಾವು ಮೂರನೆಯದೊಂದು ಕೊರತೆಯ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯಬಯಸುತ್ತೇವೆ. ಅದು ಸುದ್ದಿಯ ಕೊರತೆ. ದವಾಖಾನೆಯಲ್ಲಿ ದುಡಿಯುವವರಿಗೇ ದವಾಖಾನೆಯ ಸುದ್ದಿ ಸಕಾಲದಲ್ಲಿ, ತಿಳಿಯುವ ಮಾತಿನಲ್ಲಿ ಮುಟ್ಟುವ ಏರ್ಪಾಡು ನಮ್ಮಲ್ಲಿಲ್ಲ. ಇದು ಸಣ್ಣ ವಿಷಯವೆಂದು ಕೆಲವರಿಗೆ ತೋರಬಹುದು. ಹಾಗೆ ತೋರುವುದರಿಂದಲೇ ಇದು ಇಷ್ಟು ದಿನ ಉಳಿದು ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ಗದಗ ತಾಲೂಕಿನ ಕೋಟುಮಚಗಿಯಂಥ ಊರನ್ನೇ ತೆಗೆದುಕೊಳ್ಳೋಣ. ಎರೆಭೂಮಿಯ ನಡುವಿನ ದೊಡ್ಡ ಊರು. ಈ ಪತ್ರಿಕೆಯನ್ನು ಓದುವ ಗಿರಣಿ ಕಾರ್ಮಿಕರಲ್ಲಿ, ಪೇಟೆಯ ಚಿಕ್ಕ ವ್ಯಾಪಾರಸ್ಥರಲ್ಲಿ ಇಂಥ ಊರುಗಳಿಂದ ಹೊಟ್ಟೆಪಾಡಿಗೆ ಬಂದವರು ಬಹಳ ಜನ. ಅವರ ತಾಯಿತಂದೆಗಳು ಇನ್ನೂ ಅಲ್ಲಿಯೇ ಇದ್ದಾರೆ. ಮಗುವಿಗೆ ಜ್ವರ ಬಂದರೆ, ಹೊಲದಲ್ಲಿ ಹಾವು ಕಚ್ಚಿದರೆ, ಬಸುರಿಗೆ ನೋವು ಕಾಣಿಸಿದರೆ ಇಂಥ ಊರಿನವರು ಮೊದಲು ಹೋಗುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಅಲ್ಲಿ ಇರಬೇಕಾದವರು ವೈದ್ಯಾಧಿಕಾರಿ, ನರ್ಸ್, ಔಷಧ ಕೊಡುವವರು, ರಕ್ತ ಪರೀಕ್ಷಿಸುವವರು. ಉಪಕೇಂದ್ರಗಳಲ್ಲಿ, ಸರಕಾರಿ ಕಾಗದದಲ್ಲಿ ಆರೋಗ್ಯ ಸುರಕ್ಷಾಧಿಕಾರಿ ಎನಿಸಿಕೊಂಡರೂ ಜನರ ಬಾಯಲ್ಲಿ ಇನ್ನೂ ನರ್ಸಬಾಯಿಯೇ ಆಗಿರುವ ತಾಯಂದಿರು. ಓಣಿ ಓಣಿಗೆ ತಿರುಗುವ ಆಶಾ ಕಾರ್ಯಕರ್ತೆಯರು.

ಈ ವಾರ ಇವರಿಗೆ ಏನು ತಿಳಿದಿರಬೇಕು? ಯಾವ ಔಷಧವನ್ನು ಕೊಡಬಾರದೆಂದು ಆಜ್ಞೆಯಾಗಿದೆ, ಯಾವ ಲಸಿಕೆಯ ಕ್ರಮ ಬದಲಾಗಿದೆ, ಹಾವಿನ ವಿಷಕ್ಕೆ ಮದ್ದು ಎಲ್ಲಿ ದಾಸ್ತಾನಿದೆ, ಗದಗಿನ ಜಿಲ್ಲಾ ಆಸ್ಪತ್ರೆಯಲ್ಲಿ ಯಾವ ತಜ್ಞರು ಯಾವ ದಿನ ಕೂಡುತ್ತಾರೆ, ಸುತ್ತಲಿನ ಊರುಗಳಲ್ಲಿ ಯಾವ ಜ್ವರ ಎದ್ದಿದೆ, ಯಾವ ಯೋಜನೆಯ ಹಣ ಹೆಚ್ಚಾಗಿದೆ. ಇದಿಷ್ಟನ್ನು ಒಂದೇ ಕಾಗದದ ಮೇಲೆ, ಒಂದೇ ದಿನ, ಎಲ್ಲರಿಗೂ ಮುಟ್ಟಿಸಬೇಕಾದವರು ಯಾರು? ಮುಟ್ಟಿತೋ ಇಲ್ಲವೋ ಎಂದು ನೋಡುವವರು ಯಾರು? ಈ ಪ್ರಶ್ನೆಗೆ ಆರೋಗ್ಯ ಖಾತೆಯಲ್ಲಿ ಹತ್ತು ಮಂದಿಯ ಕಡೆಗೆ ಬೆರಳು ತೋರಿಸುತ್ತಾರೆ. ಹತ್ತು ಮಂದಿಯ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ.

ಸುದ್ದಿ ಮುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಶಾಸ್ತ್ರ ಬೇಡ. ನಾಯಿ ಕಚ್ಚಿದವನ ಸಂಗತಿಯನ್ನೇ ನೋಡಿ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರೆ ಎಂಬ ಅಂಜಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಜೀವಂತವಿದೆ. ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೇ ನಿಲ್ಲಿಸಲಾಯಿತು. ಈಗ ಸರಕಾರಿ ದವಾಖಾನೆಗಳಲ್ಲಿ ನಡೆಯುವ ಕ್ರಮದಂತೆ ತೋಳಿನ ಚರ್ಮದಲ್ಲಿ ಸಣ್ಣ ಪ್ರಮಾಣದ ಮದ್ದನ್ನು ನಾಲ್ಕು ಭೇಟಿಗಳಲ್ಲಿ ಕೊಡುತ್ತಾರೆ: ಮೊದಲ ದಿನ, ಆಮೇಲೆ ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಬೇರೊಂದು ಪ್ರತಿವಿಷವನ್ನೂ ಕೊಡಬೇಕು. ಎಲ್ಲಕ್ಕೂ ಮೊದಲು ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಹದಿನಾಲ್ಕು ಸೂಜಿ ಹೋಗಿ ಇಪ್ಪತ್ತು ವರ್ಷ ದಾಟಿದರೂ ಅದರ ಭಯ ಹೋಗಿಲ್ಲ. ಆ ಭಯದಿಂದ ಮನೆಯಲ್ಲೇ ಸುಣ್ಣ, ಮೆಣಸಿನಪುಡಿ ಹಚ್ಚಿಕೊಂಡು ಕೂತವನಿಗೆ ಹುಚ್ಚುನಾಯಿಯ ರೋಗ ಒಮ್ಮೆ ಏರಿತೆಂದರೆ ಲೋಕದ ಯಾವ ವೈದ್ಯನೂ ಉಳಿಸಲಾರ. ಇಲ್ಲಿ ಮನುಷ್ಯನನ್ನು ಕೊಲ್ಲುವುದು ನಾಯಿಯೊಂದೇ ಅಲ್ಲ, ತಿದ್ದದೆ ಬಿಟ್ಟ ಹಳೆಯ ಸುದ್ದಿಯೂ ಹೌದು.

ಕ್ಷಯರೋಗದ ಮಾತು ಬೇರೆಯಲ್ಲ. ಅರಳೆಯ ದೂಳಿನಲ್ಲಿ ದುಡಿಯುವವರಿಗೆ, ಇಕ್ಕಟ್ಟಿನ ಮನೆಗಳಲ್ಲಿ ಬಾಳುವವರಿಗೆ ಎದೆರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಚಿಕಿತ್ಸೆಯಲ್ಲಿರುವ ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆ 2018ರಲ್ಲಿ ಆರಂಭವಾಯಿತು. 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಲಾಗಿದೆ. ಈ ಹಣ ರೋಗಿಯ ಬ್ಯಾಂಕಿನ ಖಾತೆಗೆ ಬರತಕ್ಕದ್ದು. ರೋಗಿ ಕೇಳಬೇಕಾದರೆ ಅವನಿಗೆ ಗೊತ್ತಿರಬೇಕು. ಅವನಿಗೆ ಹೇಳಬೇಕಾದರೆ ಮನೆ ಬಾಗಿಲಿಗೆ ಹೋಗುವ ಆಶಾ ತಾಯಿಗೆ ಗೊತ್ತಿರಬೇಕು. ದಿಲ್ಲಿಯಲ್ಲಿ ಏರಿದ ಹಣ ಕೋಟುಮಚಗಿಯ ಓಣಿಯಲ್ಲಿ ಏರಿದ್ದು ಗೊತ್ತಾಗುವವರೆಗೆ ಎಷ್ಟು ತಿಂಗಳು ಹೋಗಬೇಕು?

ಇನ್ನು ಹಾವು. ಮುಂಗಾರಿನಲ್ಲಿ ಹೆಸರು, ಶೇಂಗಾ. ಹಿಂಗಾರಿನಲ್ಲಿ ಜೋಳ, ಕಡಲೆ. ವರ್ಷದ ಹೆಚ್ಚಿನ ದಿನ ಬರಿಗಾಲಲ್ಲಿ ಎರೆಹೊಲದಲ್ಲಿ ನಿಲ್ಲುವ ಕೂಲಿಗಳಿಗೆ ಹಾವು ಕಡಿತ ಎಂದರೆ ಕಥೆಯಲ್ಲ. ನಮ್ಮ ರಾಜ್ಯ ಸರಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಪ್ರಕರಣವೆಂದು ಸಾರಿತು. ಸರಕಾರಿ ಮತ್ತು ಖಾಸಗಿ ದವಾಖಾನೆಗಳೆರಡಕ್ಕೂ ಅದು ಅನ್ವಯಿಸುತ್ತದೆ. ಒಳ್ಳೆಯ ಆಜ್ಞೆ, ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ವರದಿ ಮೇಲಕ್ಕೆ ಹೋದಂತೆ, ಮದ್ದು ಎಲ್ಲಿದೆ ಎಂಬ ಸುದ್ದಿ ಕೆಳಕ್ಕೆ ಬರಬೇಕಲ್ಲ? ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಸಲ್ಲುವ ಮದ್ದು ಒಂದೇ. ಅದರ ಶೀಸೆಗಳು ಇಂದು ಯಾವ ಕೇಂದ್ರದಲ್ಲಿ ಎಷ್ಟಿವೆ ಎಂಬುದು ಹತ್ತಿರದ ಎಲ್ಲ ಕೇಂದ್ರಗಳಿಗೆ ತಿಳಿದಿದ್ದರೆ ಗಾಡಿ ನೇರವಾಗಿ ಅಲ್ಲಿಗೆ ಓಡುತ್ತದೆ. ತಿಳಿಯದಿದ್ದರೆ ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಅಲೆಯುತ್ತದೆ. ವಿಷ ಅಲೆಯುವುದಿಲ್ಲ, ಅದು ತನ್ನ ದಾರಿಯಲ್ಲಿ ನೆಟ್ಟಗೆ ಏರುತ್ತದೆ.

ತಡವಾದ ಸುದ್ದಿಯ ಬೆಲೆ ಇದಕ್ಕಿಂತಲೂ ಘೋರವಾಗಬಲ್ಲದು. ನಮ್ಮ ನೆರೆಯ ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ ಬಾಣಂತಿಯರು ಒಬ್ಬರ ಹಿಂದೊಬ್ಬರು ಕಣ್ಣುಮುಚ್ಚಿದರು. ಐದು ಕೂಸುಗಳು ತಾಯಿಯಿಲ್ಲದವಾದವು. ಅವರಿಗೆ ನರಕ್ಕೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಂದು, ಆ ಕಂಪನಿಯ ದ್ರಾವಣವನ್ನು ಬಳಸಕೂಡದೆಂದು ರಾಜ್ಯದಲ್ಲೆಲ್ಲ ಆಜ್ಞೆಯಾಯಿತು. ಅದೇ ಕಂಪನಿಯ ಸರಕಿನ ಗುಣದ ಬಗ್ಗೆ ಅದಕ್ಕೂ ಮುಂಚೆಯೇ ಪ್ರಶ್ನೆಗಳೆದ್ದಿದ್ದವು. ಮರುವರ್ಷ, 2025ರ ಅಕ್ಟೋಬರಿನಲ್ಲಿ, ಮಧ್ಯಪ್ರದೇಶದ ಛಿಂದವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಔಷಧ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತ ಸುದ್ದಿ ದೇಶವನ್ನು ನಡುಗಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಔಷಧ ಕೊಡಬಾರದೆಂದು ಆಗ ಕೇಂದ್ರ ಸರಕಾರ ಸೂಚನೆ ಹೊರಡಿಸಿತು.

ಇಂಥ ಆಜ್ಞೆ ರಾಜಧಾನಿಯಲ್ಲಿ ಸಹಿಯಾದ ಗಳಿಗೆಗೂ, ಹಳ್ಳಿಯ ಕಪಾಟಿನಿಂದ ಆ ಬಾಟಲಿ ಕೆಳಗಿಳಿದ ಗಳಿಗೆಗೂ ನಡುವೆ ಎಷ್ಟು ಗಂಟೆಗಳು ಕಳೆಯುತ್ತವೆ? ನಮ್ಮ ಜಿಲ್ಲೆಯಲ್ಲಿ ಇದನ್ನು ಅಳೆಯುವವರಿದ್ದಾರೆಯೇ? ಸಂತೆಯಲ್ಲಿ ಕೆಮ್ಮಿನ ಬಾಟಲಿ ಮಾರುವ ಚಿಕ್ಕ ಅಂಗಡಿಕಾರನಿಗೆ, ಹಳ್ಳಿಯ ಔಷಧದ ಅಂಗಡಿಗೆ ಈ ಮಾತನ್ನು ಹೇಳುವವರು ಯಾರು? ಅವನು ತಿಳಿಯದೆ ಮಾರಿದರೂ ನೆರೆಹೊರೆಯ ಕೂಸಿನ ಪ್ರಾಣವೇ ಹೋಗುವುದು. ಊರು ಕಡೆಗೆ ಹಿಡಿಯುವುದು ಅವನ ಕೊರಳಪಟ್ಟಿಯನ್ನೇ.

ಹಳ್ಳಿಯ ಕೊನೆಯ ಕೇಂದ್ರದವರೆಗೆ ಸುದ್ದಿ ಮುಟ್ಟಿಸುವುದು ಆಗದ ಕೆಲಸವೆಂದು ಅಧಿಕಾರಿ ವರ್ಗ ಹೇಳಬಹುದು. ನಾವು ಒಪ್ಪುವುದಿಲ್ಲ. 2016ರ ಏಪ್ರಿಲ್ 25ನೆಯ ದಿನವನ್ನು ಅವರು ನೆನೆಯಲಿ. ಆ ದಿನ ಪೋಲಿಯೋದ ಹಳೆಯ ಹನಿಯನ್ನು ನಿಲ್ಲಿಸಿ ಹೊಸ ಹನಿಯನ್ನು ಬಳಕೆಗೆ ತರಲು ಇಡೀ ದೇಶಕ್ಕೆ ಒಂದೇ ತಾರೀಖನ್ನು ಗೊತ್ತು ಮಾಡಲಾಗಿತ್ತು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಹಳ್ಳಿಹಳ್ಳಿಯ ಶೀತಪೆಟ್ಟಿಗೆಗಳಿಂದ ಹಳೆಯ ಶೀಸೆಗಳನ್ನು ತೆಗೆಸಲಾಯಿತು; ತೆಗೆದರೋ ಇಲ್ಲವೋ ಎಂದು ಹೋಗಿ ನೋಡುವವರನ್ನೂ ನೇಮಿಸಲಾಯಿತು. ಆಗ ನಮ್ಮ ರಸ್ತೆಗಳು ಇದಕ್ಕಿಂತ ಚೆನ್ನಾಗಿದ್ದವೇ? ನರ್ಸಬಾಯಿಯರು ಇದಕ್ಕಿಂತ ಹೆಚ್ಚಿದ್ದರೇ? ಇಲ್ಲ. ಆಗ ಇದ್ದುದು ಮನಸ್ಸು, ಮತ್ತು ಒಂದು ಹೆಸರಿಗೆ ಅಂಟಿದ ಹೊಣೆ. ಹಾಗಾದರೆ ಒಂದು ದಿನ ಸಾಧ್ಯವಾದದ್ದು ವಾರಕ್ಕೊಮ್ಮೆ ಏಕೆ ಸಾಧ್ಯವಾಗದು?

ಸುದ್ದಿಯನ್ನು ಸರಿಯಾದವರು ಕೊಡದೆ ಇದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಕಾಡುಕಿಚ್ಚಿನಂತೆ ಹಬ್ಬಿ, ತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸಲು ಹೆದರಿದ್ದನ್ನು ನಾವು ಮರೆಯಬಾರದು. ಸುಳ್ಳಿಗೆ ಸುತ್ತೋಲೆ ಬೇಕಿಲ್ಲ, ಸಹಿ ಬೇಕಿಲ್ಲ, ಜಾವಕ ನಂಬರು ಬೇಕಿಲ್ಲ. ಸತ್ಯಕ್ಕೆ ಮಾತ್ರ ಇವೆಲ್ಲ ಬೇಕೆಂದು ಕೂತರೆ ಅದು ಮನೆಯಿಂದ ಹೊರಡುವಷ್ಟರಲ್ಲಿ ಸುಳ್ಳು ಊರು ಸುತ್ತಿ ಬಂದು ಉಂಡು ಮಲಗಿರುತ್ತದೆ.

ಈ ಕೊರತೆಯ ಬೇರು ಎಲ್ಲಿದೆ? ನಮ್ಮ ಆರೋಗ್ಯ ಖಾತೆಯಲ್ಲಿ ಕಾಗದ ಮೇಲಕ್ಕೆ ಹತ್ತುತ್ತದೆ, ಕೆಳಕ್ಕೆ ಇಳಿಯುವುದಿಲ್ಲ. ಬಸುರಿಯರೆಷ್ಟು, ಬಾಣಂತಿಯರೆಷ್ಟು, ಜ್ವರದವರೆಷ್ಟು, ಸಕ್ಕರೆ ರೋಗದವರೆಷ್ಟು ಎಂಬ ಲೆಕ್ಕವನ್ನು ಕೆಳಗಿನವರು ದಿನ ಬೆಳಗಾದರೆ ಮೇಲಕ್ಕೆ ತುಂಬುತ್ತಲೇ ಇರಬೇಕು. ಒಂದು ರಜಿಸ್ಟರು ಹೋಗಿ ಹತ್ತು ಬಂದವು. ರಜಿಸ್ಟರುಗಳ ಮೇಲೆ ಮೊಬೈಲಿನ ಆ್ಯಪುಗಳು ಬಂದವು. ಪೋರ್ಟಲಿನಲ್ಲಿ ಲೆಕ್ಕ ಹೊಂದಲಿಲ್ಲವೆಂದು ದುಡಿದ ಪ್ರೋತ್ಸಾಹಧನ ಕೈಗೆ ಬಾರದೆ ಹೋಗುತ್ತದೆ ಎಂಬುದು ಆಶಾ ಕಾರ್ಯಕರ್ತೆಯರ ವರ್ಷಗಳ ಕೂಗು. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾ ತಾಯಂದಿರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಅದೇ ವರ್ಷ ಆಗಸ್ಟಿನಲ್ಲಿ ಆ ಭರವಸೆಯನ್ನು ನೆನಪಿಸಲು ಮತ್ತೆ ಬೀದಿಗೆ ಇಳಿಯಬೇಕಾಯಿತು. ದುಡಿಯುವವರಿಂದ ಲೆಕ್ಕ ಕೇಳುವ ಸರಕಾರ ಅವರಿಗೆ ಕೂಲಿಯನ್ನೂ ಸರಿಯಾಗಿ ಕೊಡುವುದಿಲ್ಲ, ಸುದ್ದಿಯನ್ನೂ ಸರಿಯಾಗಿ ಕೊಡುವುದಿಲ್ಲ. ಗಿರಣಿಯ ಕಾರ್ಮಿಕನಿಗೆ ಈ ನೀತಿ ಹೊಸದಲ್ಲ. ಮಾಲಕನ ಲೆಕ್ಕದ ಪುಸ್ತಕ ದಿನಾಲು ತುಂಬುತ್ತದೆ. ನಾಳೆ ಪಾಳಿ ಇದೆಯೋ ಇಲ್ಲವೋ ಎಂಬುದು ಗೇಟಿನ ಮುಂದೆ ನಿಂತಾಗಲೇ ತಿಳಿಯುತ್ತದೆ.

ಎರಡನೆಯ ಬೇರು ಭಾಷೆಯದು. ಮೇಲಿನಿಂದ ಬರುವ ತಾಂತ್ರಿಕ ಸೂಚನೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರುತ್ತವೆ. ವೈದ್ಯಾಧಿಕಾರಿ ಓದಬಲ್ಲರು, ಆದರೆ ಅದನ್ನು ನಡೆಸಬೇಕಾದವರು ಕನ್ನಡ ಶಾಲೆಯಲ್ಲಿ ಓದಿ ಬಂದ ಹೆಣ್ಣುಮಕ್ಕಳು. ಕನ್ನಡವು ಆಡಳಿತ ಭಾಷೆಯೆಂದು ನಮ್ಮ ರಾಜ್ಯದಲ್ಲಿ ಕಾನೂನಾದದ್ದು 1963ರಲ್ಲಿ. ಜನರ ಆಡಳಿತ ಜನರ ಭಾಷೆಯಲ್ಲಿ ನಡೆಯದಿದ್ದರೆ ಅದು ಜನರ ಆಡಳಿತವೇ ಅಲ್ಲ ಎಂಬ ವಾದಕ್ಕಾಗಿ ಡಾ. ರಾಮಮನೋಹರ ಲೋಹಿಯಾ ತಮ್ಮ ಆಯುಷ್ಯದ ಬಹುಭಾಗವನ್ನು ವೆಚ್ಚ ಮಾಡಿದರು. ಅವರ ವಾದಕ್ಕೆ ಹಳ್ಳಿಯ ಆರೋಗ್ಯ ಕೇಂದ್ರಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಪುಸ್ತಕದ ಭಾಷೆ ತಿಳಿಯದಿದ್ದರೆ ಪರೀಕ್ಷೆ ಹೋಗಬಹುದು. ಔಷಧದ ಭಾಷೆ ತಿಳಿಯದಿದ್ದರೆ ಪ್ರಾಣ ಹೋಗುತ್ತದೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ತನ್ನ ವರದಿಯನ್ನು ಕೊಟ್ಟಿತು. ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು, ಸೇವೆ ಜನರ ಬಾಗಿಲಿಗೆ ಆದಷ್ಟು ಹತ್ತಿರವಿರಬೇಕು ಎಂಬುದು ಅದರ ತಿರುಳು. ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಕಲ್ಪನೆ ನಮಗೆ ಬಂದದ್ದು ಅಲ್ಲಿಂದ. ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ ಎಂಬ ಲೆಕ್ಕ ಆಮೇಲೆ ಬೆಳೆಯಿತು. ಅದೇ ಕಾಲದಲ್ಲಿ ಇಂಗ್ಲೆಂಡಿನ ಮಂತ್ರಿ ಅನ್ಯೂರಿನ್ ಬೆವನ್, ಹದಿಮೂರನೆಯ ವಯಸ್ಸಿಗೆ ಕಲ್ಲಿದ್ದಲ ಗಣಿಗೆ ಇಳಿದಿದ್ದ ಸಮಾಜವಾದಿ, 1948ರ ಜುಲೈ 5ರಂದು ಆ ದೇಶದ ಎಲ್ಲರಿಗೂ ಉಚಿತವಾದ ಆರೋಗ್ಯ ಸೇವೆಯನ್ನು ಆರಂಭಿಸಿದರು. ಅದರ ಬೀಜ ಬಿದ್ದದ್ದು ಅವರ ಊರಿನ ಕಾರ್ಮಿಕರು ಕೂಲಿಯಲ್ಲಿ ಕಾಸು ಕಾಸು ಕೂಡಿಸಿ ನಡೆಸಿದ ವೈದ್ಯಕೀಯ ಸಂಘದಲ್ಲಿ. ಆ ಸೇವೆಯಲ್ಲಿ ಇಂದು ಕೊರತೆಗಳಿಲ್ಲವೆಂದಲ್ಲ. ಆದರೆ ಓಣಿಯ ವೈದ್ಯರ ಸಿಬ್ಬಂದಿಗೆ ಆ ಭಾಗದ ಆಸ್ಪತ್ರೆಗಳಲ್ಲಿ ಏನು ತೆರೆಯಿತು, ಏನು ಮುಚ್ಚಿತು, ಯಾವ ಕ್ರಮ ಬದಲಾಯಿತು ಎಂಬ ಸುದ್ದಿಪತ್ರವನ್ನು ಸ್ಥಳೀಯ ಆರೋಗ್ಯ ಆಡಳಿತವೇ ಕಳಿಸಿಕೊಡುವ ರೂಢಿ ಅಲ್ಲಿದೆ. ಅದನ್ನು ಯಾರೂ ಉಪಕಾರವೆಂದು ತಿಳಿಯುವುದಿಲ್ಲ. ಅದು ಸೇವೆಯ ಅಂಗ.

ಅಷ್ಟು ದೂರ ಏಕೆ ಹೋಗಬೇಕು? ನಮ್ಮ ಹಳ್ಳಿಗಳಲ್ಲಿ ಕಂದಾಯದ ಸುದ್ದಿ, ಪ್ಲೇಗಿನ ಸುದ್ದಿ, ಜಾತ್ರೆಯ ಸುದ್ದಿ ಯಾವುದಿದ್ದರೂ ವಾಲಿಕಾರನು ಹಲಗೆ ಬಾರಿಸಿ ಓಣಿ ಓಣಿಗೆ ಡಂಗುರ ಸಾರುತ್ತಿದ್ದನು. ಕೇಳಲಿಲ್ಲ ಎನ್ನಲು ಯಾರಿಗೂ ಬರುತ್ತಿರಲಿಲ್ಲ. ಸಾರಲಿಲ್ಲ ಎನ್ನಲು ಅವನಿಗೂ ಬರುತ್ತಿರಲಿಲ್ಲ. ಕೋಟುಮಚಗಿಯಲ್ಲಂತೂ ಸಾವಿರ ವರ್ಷದ ಹಿಂದಿನ, ಚಾಲುಕ್ಯರ ಕಾಲದ ಶಾಸನವೇ ಇದೆ; ಪಾಠ ಹೇಳುವವರಿಗಾಗಿ ಊರ ಭೂಮಿಯಲ್ಲಿ ಪಾಲು ತೆಗೆದಿಟ್ಟ ಸಂಗತಿ ಅದರಲ್ಲಿದೆ. ತಿಳಿವಳಿಕೆಯನ್ನು ಹಂಚುವುದಕ್ಕೂ ಊರಿನ ಉತ್ಪನ್ನದಲ್ಲಿ ಒಂದು ಪಾಲಿರಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕೋಟಿಗಟ್ಟಲೆಯ ಆರೋಗ್ಯ ಬಜೆಟ್ಟಿನಲ್ಲಿ ವಾರಕ್ಕೊಂದು ಹಾಳೆಯ ಪಾಲು ದೊರೆಯದೇ?

"ವಾಟ್ಸಾಪ್ ಗುಂಪುಗಳಿವೆ, ತಿಂಗಳ ಮೀಟಿಂಗು ಇದೆ, ವಿಡಿಯೋ ಸಭೆಗಳಿವೆ" ಎಂಬ ಉತ್ತರ ಬರುವುದು ನಮಗೆ ಗೊತ್ತು. ಇವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಹುಟ್ಟುಹಬ್ಬದ ಶುಭಾಶಯ, ದೇವರ ಚಿತ್ರಗಳ ನಡುವೆ ಬಂದ ಆಜ್ಞೆ ಮರುದಿನಕ್ಕೆ ಹೂತುಹೋಗುತ್ತದೆ. ನರ್ಸಬಾಯಿಗೆ ವರ್ಗವಾದರೆ ಫೋನೂ ಅವರೊಡನೆ ಹೋಗುತ್ತದೆ, ಅದರೊಳಗಿನ ಸುದ್ದಿಯೂ ಹೋಗುತ್ತದೆ. ಹೊಸದಾಗಿ ಬಂದವರು ಬರಿಗೈಯಲ್ಲಿ ಬರುತ್ತಾರೆ. ಗೋಡೆಗೆ ವರ್ಗವಿಲ್ಲ. ಗೋಡೆಯ ಮೇಲಿನ ಹಾಳೆಯನ್ನು ವೈದ್ಯರೂ ಓದುತ್ತಾರೆ, ರೋಗಿಯೂ ಓದುತ್ತಾನೆ, ಓದಲು ಬಾರದವರಿಗೆ ಶಾಲೆಯ ಹುಡುಗ ಓದಿ ಹೇಳುತ್ತಾನೆ.

ಇಲ್ಲಿಯೇ ಅಧಿಕಾರಿ ವರ್ಗದ ನಿಜವಾದ ಅಂಜಿಕೆ ಇದೆ. ಹಾಳೆಯಲ್ಲಿ 'ಇದೆ' ಎಂದು ಬರೆಯುವಂತೆ 'ಇಲ್ಲ' ಎಂದೂ ಬರೆಯಬೇಕಾಗುತ್ತದೆ. ಈ ವಾರ ಹಾವಿನ ಮದ್ದು ಇಲ್ಲ. ಈ ವಾರ ಸ್ಕ್ಯಾನಿಂಗ್ ಮಾಡುವವರು ರಜೆಯಲ್ಲಿದ್ದಾರೆ. ಈ ಹುದ್ದೆ ಇಷ್ಟು ತಿಂಗಳಿಂದ ಖಾಲಿ. ಬಾಯಿಂದ ಹೇಳಿದ 'ಇಲ್ಲ' ಗಾಳಿಗೆ ಹೋಗುತ್ತದೆ. ತಾರೀಖು ಹಾಕಿ ಸಹಿ ಮಾಡಿದ 'ಇಲ್ಲ' ಸಾಕ್ಷಿಯಾಗುತ್ತದೆ. ಅದನ್ನು ಹಿಡಿದು ಗ್ರಾಮ ಪಂಚಾಯತಿಯ ಸದಸ್ಯ ಪ್ರಶ್ನೆ ಕೇಳಬಹುದು, ಶಾಸಕರನ್ನು ಜನ ಕೇಳಬಹುದು, ಪತ್ರಿಕೆ ಬರೆಯಬಹುದು. ನಾವು ಹಾಳೆಯನ್ನು ಕೇಳುವುದು ಈ ಕಾರಣಕ್ಕೂ ಹೌದು. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಔಷಧದ ಬದಲು ಹಾಳೆ ಕೊಟ್ಟು ಕೈತೊಳೆದುಕೊಳ್ಳಲು ನಾವು ಬಿಡುವುದಿಲ್ಲ. ಆದರೆ ಔಷಧವಿಲ್ಲವೆಂಬ ಸತ್ಯ ಹಾಳೆಯ ಮೇಲೆ ಬಾರದೆ ಔಷಧ ಬರುವುದೂ ಕಷ್ಟ.

ಜನ ಸಿಟ್ಟಾಗಿ ಸಿಬ್ಬಂದಿಯ ಮೇಲೆ ಏರಿ ಹೋದಾರು ಎಂಬ ಮಾತನ್ನೂ ಆಡುತ್ತಾರೆ. ಸಿಟ್ಟು ಬರುವುದು ಇಲ್ಲ ಎಂದು ತಿಳಿದಾಗ ಅಲ್ಲ. ಇದೆ ಎಂದು ನಂಬಿ ಹೋಗಿ ಕೈ ಖಾಲಿ ಬಂದಾಗ. ಹಳ್ಳಿಯ ಹೆಣ್ಣುಮಗಳು ಮಲ್ಲಸಮುದ್ರದ ಜಿಮ್ಸ್ ಆಸ್ಪತ್ರೆಗೆ ಬರುವ ದಾರಿಯನ್ನು ನೆನೆಯಿರಿ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ಆದರೆ ಅವಳ ದಿನಗೂಲಿ ಪುಕ್ಕಟೆಯಲ್ಲ, ಅವಳ ಜೊತೆಗೆ ಬರುವ ಗಂಡನ ಟಿಕೇಟೂ ಪುಕ್ಕಟೆಯಲ್ಲ. ಬಂದ ದಿನ ತಜ್ಞರು ಇಲ್ಲವೆಂದರೆ ಎರಡು ಕೂಲಿ ಹೋಯಿತು. ಎರಡನೆಯ ಸಲವೂ ಹಾಗೆಯೇ ಆದರೆ ಮೂರನೆಯ ಸಲ ಅವರು ಹೋಗುವುದು ಖಾಸಗಿ ದವಾಖಾನೆಗೆ, ಬಡ್ಡಿಯ ಸಾಲ ಮಾಡಿ. ಒಂದು ಸಾಲಿನ ಸುದ್ದಿ ಮುಂಚಿತವಾಗಿ ಆಶಾ ತಾಯಿಗೆ ಸಿಕ್ಕಿದ್ದರೆ ಈ ಸಾಲವೇ ಆಗುತ್ತಿರಲಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಒಂದು: ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಿಂದ ಪ್ರತಿ ವಾರ ಒಂದು ಹಾಳೆಯ ಕನ್ನಡ ಸುದ್ದಿಪತ್ರ ಜಿಲ್ಲೆಯ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ಉಪಕೇಂದ್ರಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಮುಟ್ಟಬೇಕು. ಎರಡು: ಅದನ್ನು ಹೊರಡಿಸುವ ಹೊಣೆ ಒಬ್ಬ ಅಧಿಕಾರಿಯ ಮೇಲೆ ಹೆಸರು ಹಿಡಿದು ಇರಬೇಕು, ಮುಟ್ಟಿದ್ದಕ್ಕೆ ಪ್ರತಿ ಕೇಂದ್ರದ ಸಹಿ ಬರಬೇಕು. ಮೂರು: ಅದು ಕೇಂದ್ರದ ಹೊರಗೋಡೆಯ ಮೇಲೆ, ಪಂಚಾಯತಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರಬೇಕು. ನಾಲ್ಕು: ಔಷಧ ನಿಲ್ಲಿಸುವ ತುರ್ತು ಆಜ್ಞೆ ಇದ್ದರೆ ವಾರ ಕಾಯದೆ ಅದೇ ದಿನ ಫೋನಿನಲ್ಲಿ ತಿಳಿಸಿ, ಕಪಾಟಿನಿಂದ ತೆಗೆದುದಕ್ಕೆ ಉತ್ತರ ಪಡೆಯಬೇಕು; ಔಷಧದ ಅಂಗಡಿಗಳಿಗೂ ಅದೇ ಗಳಿಗೆಯಲ್ಲಿ ತಿಳಿಸಬೇಕು. ಐದು: ಈ ಹೊಸ ಕೆಲಸವನ್ನು ಈಗಾಗಲೇ ಬಾಗಿದ ಬೆನ್ನುಗಳ ಮೇಲೆ ಹೇರಕೂಡದು, ಒಂದೇ ಲೆಕ್ಕವನ್ನು ಎರಡೆರಡು ಕಡೆ ತುಂಬಿಸುವುದನ್ನು ನಿಲ್ಲಿಸಿ ಹೊತ್ತು ಮಾಡಿಕೊಡಬೇಕು. ಮತ್ತು ಆಶಾ ಕಾರ್ಯಕರ್ತೆಯರಿಗೆ ಕೊಟ್ಟ ಮಾತಿನಂತೆ ಹಣ ಸಂದಾಯವಾಗಬೇಕು.

ಗದಗ-ಬೆಟಗೇರಿ ಮುದ್ರಣಾಲಯಗಳಿಗೆ ಹೆಸರಾದ ಊರು. ನಾಡಿನ ಮಕ್ಕಳ ಕೈಗೆ ಪುಸ್ತಕ ಅಚ್ಚು ಹಾಕಿ ಕೊಡುವ ಊರಿನಲ್ಲಿ, ತನ್ನ ಸುತ್ತಲಿನ ಹಳ್ಳಿಗಳ ದವಾಖಾನೆಗೆ ವಾರಕ್ಕೊಂದು ಹಾಳೆ ಅಚ್ಚಾಗುವುದಿಲ್ಲವೆಂದರೆ ನಾಚಿಕೆಗೇಡು. 1905ರಲ್ಲಿ ಇದೇ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದಾಗ ಸರಕಾರದ ಖಜಾನೆ ತೆರೆಯಲಿ ಎಂದು ಕಾಯುತ್ತ ಕೂಡಲಿಲ್ಲ. ಸಾಹುಕಾರನ ಲೆಕ್ಕ ಸಾಹುಕಾರನ ಪೆಟ್ಟಿಗೆಯಲ್ಲಿಯೇ ಇರುತ್ತಿದ್ದ ಕಾಲದಲ್ಲಿ, ಸಂಘದ ಲೆಕ್ಕ ಸದಸ್ಯರೆಲ್ಲರ ಮುಂದೆ ಬಂತು. ಅದರ ಶಕ್ತಿ ಇದ್ದದ್ದು ಅಲ್ಲಿಯೇ.

ಗಿರಣಿಯ ಬಂಧುಗಳೇ, ಅಂಗಡಿಕಾರ ಮಿತ್ರರೇ, ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಹೋಗಿರಿ. ಅಲ್ಲಿ ದುಡಿಯುವವರ ಮೇಲೆ ರೇಗಬೇಡಿರಿ. ಅವರೂ ನಿಮ್ಮಂತೆ ಕೂಲಿಯವರೇ. ಎರಡೇ ಪ್ರಶ್ನೆ ಕೇಳಿರಿ: ಮೇಲಿನಿಂದ ನಿಮಗೆ ಕಡೆಯ ಸುದ್ದಿ ಬಂದದ್ದು ಯಾವಾಗ? ಅದು ಯಾವ ಭಾಷೆಯಲ್ಲಿತ್ತು? ಉತ್ತರವನ್ನು ಬರೆದುಕೊಂಡು ಗ್ರಾಮ ಆರೋಗ್ಯ ಸಮಿತಿಯ ಮುಂದೆ, ಗ್ರಾಮಸಭೆಯ ಮುಂದೆ ಇಡಿರಿ. ನಮಗೂ ಒಂದು ಪ್ರತಿ ಕಳಿಸಿರಿ. ಬಂದ ಉತ್ತರಗಳನ್ನು ನಾವು ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡುತ್ತೇವೆ, ಈ ಪತ್ರಿಕೆಯಲ್ಲಿಯೂ ಅಚ್ಚು ಹಾಕುತ್ತೇವೆ. ಲೆಕ್ಕ ಕೇಳುವ ಹಕ್ಕು ಮೇಲಿನವರಿಗೆ ಮಾತ್ರ ಇರುವುದಲ್ಲ.